ಶೋಪಾನ್ ಬರೆದ ‘ರುಬಾಟೊ’: ಒಂದು ಪದ, ಎರಡು ನಡೆ

ಇಟಾಲಿಯನ್ ಭಾಷೆಯಲ್ಲಿ ‘ರುಬಾಟೊ’ ಎಂದರೆ ಕದ್ದದ್ದು. ಕದ್ದದ್ದು ಕಾಲವನ್ನು, ಆದರೆ ಎಷ್ಟು ಕದಿಯಬೇಕು, ಮರಳಿಸಬೇಕೋ ಬೇಡವೋ ಎಂಬುದನ್ನು ಪದ ಹೇಳುವುದಿಲ್ಲ. ಕೃತಿಸಂಖ್ಯೆ 24ರ ಮಜುರ್ಕಾಗಳ (ಪೋಲಿಷ್ ಕುಣಿತದ ರಚನೆಗಳ) ನಂತರ ಪಿಯಾನೊ ರಚನಕಾರ ಶೋಪಾನ್ (1810–1849) ತಾನು ಪ್ರಕಟಿಸಿದ ರಚನೆಗಳಲ್ಲಿ ಈ ಪದವನ್ನು ಬಳಸುವುದನ್ನೇ ಬಿಟ್ಟ. ಬಲ್ಲವರಿಗೆ ಪದ ಬೇಕಿಲ್ಲ, ಅರಿಯದವರಿಗೆ ಅದು ಏನನ್ನೂ ಹೇಳದು ಎಂಬುದು ಸಮಕಾಲೀನ ಪಿಯಾನೊವಾದಕ ಲಿಸ್ಟ್ ಕೊಟ್ಟ ವಿವರಣೆ. ಮಾತು ಚೆನ್ನಾಗಿದೆ, ಲಿಸ್ಟನ ಮಾತುಗಳೆಲ್ಲ ಹಾಗೆಯೇ. ನನಗೆ ತೋರುವ ಕಾರಣ ಬೇರೆ: ಒಂದೇ ಪದದ ಮೇಲೆ ಎರಡು ಹೊರೆ ಬಿದ್ದಿತ್ತು.

ಮೊದಲನೆಯದು ಹಳೆಯದು. ಮೇಳೈಸುವ ಎಡಗೈ ಎಣಿಕೆ ಬಿಡುವಂತಿಲ್ಲ. ಹಾಡುವ ಬಲಗೈ ಮಾತ್ರ ಹಿಂದುಮುಂದಾಗಬಹುದು. 1777ರಲ್ಲಿ ಮೊಟ್ಸಾರ್ಟ್ ತಂದೆಗೆ ಬರೆದ ಪತ್ರದಲ್ಲಿ ಇದೇ ಕ್ರಮವಿದೆ. ಶೋಪಾನನ ಶಿಷ್ಯ ಮಿಕುಲಿ, ಆ ಕೃತಿಗಳ ತನ್ನ ಆವೃತ್ತಿಗೆ ಬರೆದ 1879ರ ಮುನ್ನುಡಿಯಲ್ಲಿ, ಗುರುವಿನ ಲಯನಿಷ್ಠೆಯನ್ನು ಒತ್ತಿ ಹೇಳುತ್ತಾನೆ. ಮೆಟ್ರೊನೋಮ್ ಗುರುವಿನ ಪಿಯಾನೊ ಬಿಟ್ಟು ಕದಲುತ್ತಿರಲಿಲ್ಲವಂತೆ. ಹಾಡಿನಂಥ ರಚನೆಯಾದ ಕೃತಿಸಂಖ್ಯೆ 9ರ ಎರಡನೆಯ ನಾಕ್ಟರ್ನ್‌ನ ‘ಪೋಕೊ ರುಬಾಟೊ’ (ಸ್ವಲ್ಪ ಕದ್ದು) ಸೂಚನೆಯನ್ನು ಹೀಗೆಯೇ ಓದಬೇಕು. ಕೆಳಗೆ ಬಾರ್ ಒಂದಕ್ಕೆ 12 ಎಣಿಕೆ ಸಮನಾಗಿ ಸಾಗುವಾಗ ಸೂಚನೆ ತಟ್ಟುವುದು ಮೇಲಿನ ರಾಗಕ್ಕೆ. ಎರಡೂ ಕೈಗಳನ್ನು ಒಟ್ಟಿಗೆ ಎಳೆಯುವ ಇಂದಿನ ರೂಢಿ ಇಲ್ಲಿ ತಪ್ಪು.

ಮಜುರ್ಕಾದ ಕತೆಯೇ ಬೇರೆ. ಶೋಪಾನ್ ನುಡಿಸುವಾಗ ಬಾರಿನ ಮೊದಲ ಸ್ವರ ಎಷ್ಟು ಹಿಗ್ಗುತ್ತಿತ್ತೆಂದರೆ ಮೂರರ ಜಾಗದಲ್ಲಿ ನಾಲ್ಕು ಎಣಿಸಬಹುದಿತ್ತು ಎಂದು ಪಿಯಾನೊವಾದಕ ಹಾಲೆ ನೆನೆಯುತ್ತಾನೆ. ಮೊದಲು ಒಪ್ಪದ ಶೋಪಾನ್, ಹಾಲೆ ಜೋರಾಗಿ ಎಣಿಸಿ ತೋರಿಸಿದಾಗ ನಕ್ಕು, ಅದು ಆ ಕುಣಿತದ ರಾಷ್ಟ್ರೀಯ ಗುಣ ಎಂದನಂತೆ. ಇಲ್ಲಿ ಹಿಗ್ಗುವುದು ರಾಗವೊಂದೇ ಅಲ್ಲ, ಬಾರ್ ಕೂಡ.

ಹಾಗಾದರೆ ಕೃತಿಸಂಖ್ಯೆ 15ರ ಮೂರನೆಯ ನಾಕ್ಟರ್ನ್‌ನ ಆರಂಭದ ‘ಲಾಂಗ್ವಿದೊ ಎ ರುಬಾಟೊ’, ಅಂದರೆ ಸೊರಗಿದಂತೆ, ಕದ್ದು? ಶೀರ್ಷಿಕೆ ನಾಕ್ಟರ್ನ್ ಎಂದಿರುವುದರಿಂದ ಮೊದಲ ಅರ್ಥವನ್ನೇ ಹಚ್ಚುವುದು ಸುಲಭ. ಆದರೆ ರುಬಾಟೊ ಸೂಚನೆಯಿಂದಲೇ ತೊಡಗುವ ಕೃತಿಸಂಖ್ಯೆ 24ರ ಮೊದಲ ಮಜುರ್ಕಾವನ್ನು ಪಕ್ಕದಲ್ಲಿಡಿ: ಎರಡೂ ಜಿ ಮೈನರ್, ಎರಡೂ ‘ಲೆಂಟೊ’ (ನಿಧಾನ), ಎರಡಕ್ಕೂ ಮೂರರ ಎಣಿಕೆ. ಈ ನಾಕ್ಟರ್ನ್ ಮಜುರ್ಕಾದ ಹೆಜ್ಜೆಯಲ್ಲೇ ನಡೆಯುತ್ತದೆ; ಅದರ ರುಬಾಟೊವೂ ಮಜುರ್ಕಾದ್ದೇ ಎಂದು ನನ್ನ ಓದು. ಮುಂದೆ ‘ರಿಲಿಜಿಯೋಸೊ’ (ಭಕ್ತಿಯಿಂದ) ಎಂದು ಬರೆದಲ್ಲಿ ಎರಡೂ ಕೈಗಳು ಚರ್ಚಿನ ಸಮೂಹಗಾನದಂತೆ ಒಟ್ಟಿಗೆ ಚಲಿಸುತ್ತವೆ. ಅಲ್ಲಿ ಬೇರೆಯಾಗಿ ಹಾಡುವ ಕೈಯಿಲ್ಲ, ಕುಣಿತವೂ ಇಲ್ಲ. ಕದಿಯಲು ಏನೂ ಉಳಿದಿಲ್ಲ. ಆರಂಭದ ರಾಗ ಮತ್ತೆ ಬರುವುದಿಲ್ಲವಾದ್ದರಿಂದ ವಾದಕ ಆ ರುಬಾಟೊವನ್ನು ಅಲ್ಲಿಗೇ ಬಿಡಬೇಕು.