ಒಂದು ಸೀರೆ, ನಾಲ್ಕು ಬೊಂತೆ

ಅಂತರಸನಹಳ್ಳಿ ಇವತ್ತು ತುಮಕೂರು ನಗರದೊಳಗೆ ಸೇರಿಹೋದ ಊರು. ಶಿರಾ ಕಡೆಗೆ ಹೊರಟ ಹೆದ್ದಾರಿಯ ಮಗ್ಗುಲಲ್ಲಿ ಕೈಗಾರಿಕಾ ಪ್ರದೇಶ, ತರಕಾರಿ ಮಾರುಕಟ್ಟೆ, ಲಾರಿಗಳ ಸಾಲು. ಈ ಊರಿನದಾಗಲಿ, ಸುತ್ತಲಿನ ಗುಬ್ಬಿ, ಕುಣಿಗಲ್ ಸೀಮೆಯದಾಗಲಿ ಹಳೆಯ ಕಥೆ ಹೇಳಹೊರಟರೆ ಕೆರೆ, ಮಠ, ಸಂತೆ, ನಾಟಕ ಕಂಪನಿ ಎಲ್ಲವೂ ನೆನಪಿಗೆ ಬರುತ್ತವೆ. ಅಟ್ಟದ ಮೇಲೆ ಮಡಿಸಿಟ್ಟಿದ್ದ ಬೊಂತೆ ಬರುವುದಿಲ್ಲ. ಹಳೆ ಸೀರೆ, ಹಳೆ ಪಂಚೆಗಳನ್ನು ಪದರ ಪದರವಾಗಿ ಹಾಸಿ, ದಪ್ಪ ದಾರದಲ್ಲಿ ಹೊಲಿದ ಆ ಹೊದಿಕೆಯನ್ನು ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತಾರೆ. ಯಾವುದಾದರೂ ಲೇಖನದಲ್ಲಿ ಅದರ ಪ್ರಸ್ತಾಪ ಬಂದರೆ ಒಬ್ಬ ಅಜ್ಜಿ, ಒಂದು ಸೂಜಿ, ಒಂದು ಕೌದಿ ಎಂಬ ಚಿತ್ರವೇ ಎದುರಾಗುತ್ತದೆ. ಆ ಚಿತ್ರ ತಪ್ಪು ಎಂಬುದು ನನ್ನ ವಾದ. ಬೊಂತೆಯನ್ನು ಒಂದೊಂದಾಗಿ ಹೊಲಿಯುತ್ತಿರಲಿಲ್ಲ. ಮನೆಯಲ್ಲಿ ಎರಡು, ಮೂರು, ಕೆಲವೊಮ್ಮೆ ನಾಲ್ಕು ಬೊಂತೆಗಳು ಒಟ್ಟಿಗೇ ಅರ್ಧಂಬರ್ಧ ನಡೆದಿರುತ್ತಿದ್ದವು. ಅದು ಕೆಲಸಗೇಡಿತನವಾಗಿರಲಿಲ್ಲ, ಆ ಕಸುಬು ನಡೆಯಬಲ್ಲ ದಾರಿಯೇ ಅದಾಗಿತ್ತು.

ಇದಕ್ಕೆ ಮೊದಲ ಸಾಕ್ಷಿ ಸೀರೆಯೇ. ಎಂಟು ಗಜದ ಹತ್ತಿಯ ಸೀರೆ ಎಂದರೆ 24 ಅಡಿ. ಆರು ಅಡಿಗೊಂದರಂತೆ ಕತ್ತರಿಸಿದರೆ ದೊಡ್ಡವರು ಹೊದೆಯುವ ಅಳತೆಯ ನಾಲ್ಕು ತುಂಡು ಸಿಗುತ್ತವೆ. ಲೆಕ್ಕಕ್ಕೆ ಇವು ನಾಲ್ಕೂ ಸಮ, ಬಾಳಿಕೆಯಲ್ಲಿ ಅಲ್ಲ. ಕೂತೆದ್ದು ಸವೆದ ಭಾಗ ಬೆರಳಿಟ್ಟರೆ ಹರಿಯುವಷ್ಟು ತೆಳುವಾಗಿರುತ್ತದೆ, ನೆರಿಗೆಯ ಒಳಗೆ ಉಳಿದದ್ದು ಇನ್ನೂ ಗಟ್ಟಿ, ಸೆರಗಿಗೆ ಬಣ್ಣವಿದೆ, ಅಂಚು ಎಲ್ಲಕ್ಕಿಂತ ಬಿಗಿ. ಗಟ್ಟಿ ತುಂಡು ಹೊರಮೈಗೆ, ತೆಳುವಾದದ್ದು ಒಳಪದರಕ್ಕೆ, ಅಂಚಿನ ಪಟ್ಟಿ ಸುತ್ತಲೂ ಕಟ್ಟಲು, ಮಿಕ್ಕ ಚೂರು ತೇಪೆಗೆ. ನಾಲ್ಕೈದು ಪದರದ ಬೊಂತೆಗೆ ಹೊರಮೈ ಎರಡು ಕಡೆಗೂ ಬೇಕು. ಸವೆದ ಒಂದೇ ಸೀರೆ ಇದನ್ನೆಲ್ಲ ಸರಿಯಾದ ಪಾಲಿನಲ್ಲಿ ಕೊಡಲಾರದು. ಈ ಸೀರೆಯ ಸೆರಗು ಮದುವೆಯಾಗಲಿರುವ ಮಗಳ ಬೊಂತೆಗೆ ಹೋದರೆ, ಅದರದೇ ತೆಳುಭಾಗ ಹುಟ್ಟಲಿರುವ ಕೂಸಿನ ಹಾಸಿಗೆಗೆ ಹೋಗುತ್ತದೆ. ಮೆತ್ತಗಿರುವುದೇ ಅಲ್ಲಿ ಬೇಕಾದದ್ದು. ಹಳೆ ಬಟ್ಟೆ ಅಂಗಡಿಯ ಥಾನಿನಂತೆ ಬೇಕೆಂದಾಗ ಬೇಕಾದಷ್ಟು ಸಿಗುವ ವಸ್ತುವಲ್ಲ. ಮನೆಯವರ ಮೈಮೇಲೆ ಸವೆದು, ತನ್ನ ಕಾಲಕ್ಕೆ ತಾನು ಕೈಗೆ ಬರುತ್ತದೆ. ಬಂದದ್ದನ್ನು ಬಂದಹಾಗೆ ಹಂಚಬೇಕಾದರೆ ಹಂಚಿಸಿಕೊಳ್ಳುವ ಬೊಂತೆಗಳು ಒಂದಕ್ಕಿಂತ ಹೆಚ್ಚು ಇರಲೇಬೇಕು.

ಇನ್ನು ಹೊತ್ತಿನ ಮಾತು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬೊಂತೆಗೆ ಅರ್ಧ ಅಂಗುಲಕ್ಕೊಂದು ಸಾಲು ಹಾಕಿದರೆ 96 ಸಾಲು, ಒಟ್ಟು 576 ಅಡಿ ಹೊಲಿಗೆ. ಅರ್ಧ ಅಂಗುಲಕ್ಕೊಮ್ಮೆ ಸೂಜಿ ಚುಚ್ಚಿದರೂ 13,000ಕ್ಕೂ ಹೆಚ್ಚು ಬಾರಿ. ಇದು ಒಂದೇ ಸಲ ಕೂತು ಮುಗಿಸುವ ಕೆಲಸವಲ್ಲ. ರಾಗಿಯ ಸೀಮೆಯಲ್ಲಿ ಹೆಣ್ಣಿಗೆ ಮಧ್ಯಾಹ್ನದ ಬಿಡುವು ಸಿಗುತ್ತಿದ್ದದ್ದು ಕಣದ ಕೆಲಸ ತೀರಿ ಮುಂಗಾರು ಹಿಡಿಯುವವರೆಗೆ, ಶಿವರಾತ್ರಿ, ಯುಗಾದಿಯ ಆಸುಪಾಸಿನಲ್ಲಿ. ಮದುವೆಗಳ ಕಾಲವೂ ಅದೇ. ಮಳೆಗಾಲಕ್ಕೆ ಮುಂಚೆ ಮನೆಯ ಹೊದಿಕೆಗಳನ್ನು ಸರಿಮಾಡಿಕೊಳ್ಳಬೇಕಾದದ್ದೂ ಆಗಲೇ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿದ್ದರೆ ಅವಳ ದಿನಗಳು ಯಾವ ಋತುವನ್ನೂ ಕಾಯುವುದಿಲ್ಲ. ಕೂಸಿಗೆ ಒಂದು ಬೊಂತೆ ಸಾಲದು ಕೂಡ. ನಾಲ್ಕು ಪದರದ ಹತ್ತಿ ಮಳೆಯ ದಿನದಲ್ಲಿ ಒಗೆದರೆ ಅದೇ ದಿನ ಒಣಗುವುದಿಲ್ಲ. ಒಂದು ಮೈಕೆಳಗೆ, ಒಂದು ನೀರಲ್ಲಿ, ಒಂದು ಗಳುವಿನ ಮೇಲೆ ಎಂದರೂ ಮೂರಾಯಿತು. ಹೀಗೆ ಬೇಕಾಗುವುದೆಲ್ಲ ಒಟ್ಟಿಗೇ ಬಂದು ಎರಗುವಾಗ, ಒಂದನ್ನು ಮುಗಿಸಿ ಮುಂದಿನದನ್ನು ಹಿಡಿಯುತ್ತೇನೆ ಎಂಬ ಶಿಸ್ತು ಮನೆಗೆ ಹೊಂದುತ್ತಿರಲಿಲ್ಲ.

ಹಲವನ್ನು ಒಟ್ಟಿಗೆ ಹಿಡಿದರೆ ಯಾವುದೂ ನೆಟ್ಟಗಾಗದು ಎಂಬ ಆಕ್ಷೇಪ ಇಲ್ಲಿ ಬರುವುದು ಸಹಜ. ಉತ್ತರ ಹೊಲಿಗೆಯ ಬಗೆಯಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಇದೇ ಜಾತಿಯ ಹೊದಿಕೆಯನ್ನು ಕವಂದಿ ಎನ್ನುತ್ತಾರೆ. ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಹೆಣ್ಣುಮಕ್ಕಳ ಕೆಲಸವನ್ನು ಹತ್ತಿರದಿಂದ ನೋಡಿ ಬರೆದಿದ್ದಾರೆ; 2004ರಲ್ಲಿ ಅಲ್ಲಿ ಹೊಲಿಯುವವರ ಸಹಕಾರ ಸಂಘವೂ ಹುಟ್ಟಿತು. ಕವಂದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಹಾಕುತ್ತಾ ನಡುವಿಗೆ ಬರುತ್ತದೆ, ತುಂಡುಗಳನ್ನು ಹೋದಹಾಗೆ ಸೇರಿಸುತ್ತಾರೆ, ಕೊನೆಗೆ ಮೂಲೆಗಳಿಗೆ ಹೂವೆಂದು ಕರೆಯುವ ಮಡಿಕೆಯ ಚೂರುಗಳನ್ನು ಕೂರಿಸುತ್ತಾರೆ. ಈ ಕ್ರಮದ ಜಾಣತನವನ್ನು ಸ್ವಲ್ಪ ನಿಂತು ನೋಡಬೇಕು. ಮೂರು ಸುತ್ತು ಮುಗಿದರೆ ಅಂಚು ಭದ್ರ. ಆಮೇಲೆ ಸೂಜಿಯನ್ನು ಬಟ್ಟೆಗೇ ಚುಚ್ಚಿ, ಮಡಿಸಿ, ತಿಂಗಳುಗಟ್ಟಲೆ ಇಟ್ಟರೂ ಪದರ ಜಾರುವುದಿಲ್ಲ. ನಡುವೆ ಇನ್ನೊಂದು ಹಳೆ ಪಂಚೆ ಸಿಕ್ಕರೆ ಸೇರಿಸಲು ಒಳಗೆ ಜಾಗ ಇನ್ನೂ ಉಳಿದಿದೆ. ಎತ್ತಿಡುವುದಕ್ಕೆಂದೇ ಮಾಡಿದ ಹೊಲಿಗೆ ಇದು. ಕೂಸು ಅತ್ತರೆ, ಎಮ್ಮೆ ಕರುಹಾಕಿದರೆ, ನೆಂಟರು ಬಂದರೆ ಬಿಟ್ಟೇಳಬಹುದು.

ಕಂಬಳಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಇನ್ನೂ ತಿಳಿಯಾಗುತ್ತದೆ. ಹಾಸು ಎಳೆದು, ಹುಣಸೆಬೀಜದ ಸರಿ ಬಳಿದು ಮಗ್ಗಕ್ಕೇರಿಸಿದ ಮೇಲೆ ಕಂಬಳಿ ನೇಯುವವನಿಗೆ ಆ ಕಂಬಳಿಯೇ ಕೆಲಸ. ಅದು ಇಳಿಯುವವರೆಗೆ ಇನ್ನೊಂದು ಏರುವುದಿಲ್ಲ. ಒಂದರ ಹಿಂದೆ ಒಂದು ಎಂಬುದು ಮಗ್ಗದ ಧರ್ಮ, ಒಂದರ ಜೊತೆ ಒಂದು ಎಂಬುದು ಸೂಜಿಯ ಧರ್ಮ. ಮಗ್ಗದ ಅಳತೆಗೋಲಿನಿಂದ ಸೂಜಿಯ ಕೆಲಸವನ್ನು ಅಳೆದದ್ದರಿಂದಲೇ ಬೊಂತೆ ಹೊಲಿಯುವವಳ ಕೈಕೆಲಸ ‘ಯಾವಾಗಲೂ ಮುಗಿಯದ್ದು’ ಎನಿಸಿಕೊಂಡಿತು ಎಂದು ನನಗನ್ನಿಸುತ್ತದೆ.

ಕಂಬಳಿಯ ಮಾತು ಬಂದಮೇಲೆ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕು. ತುಮಕೂರು ಸೀಮೆ ಕಂಬಳಿಯ ನಾಡಲ್ಲವೇ, ಕೌದಿ ಧಾರವಾಡ, ಬಾಗಲಕೋಟೆಯ ಕಡೆಯದಲ್ಲವೇ? ಮೈಸೂರು ಸಂಸ್ಥಾನದ ಗೆಜೆಟಿಯರುಗಳು ಈ ಜಿಲ್ಲೆಯ ಕೈಗಾರಿಕೆಗಳಲ್ಲಿ ಒರಟು ಹತ್ತಿ ಬಟ್ಟೆಯನ್ನೂ ಕಂಬಳಿಯನ್ನೂ ಹೆಸರಿಸುತ್ತವೆ, ಗುಬ್ಬಿಯನ್ನು ದೊಡ್ಡ ವ್ಯಾಪಾರದ ಊರೆಂದು ಗುರುತಿಸುತ್ತವೆ. ಆದರೆ ಆ ಪಟ್ಟಿಗಳು ಎಣಿಸುವುದು ಸಂತೆಗೆ ಬಂದದ್ದನ್ನು. ಬೊಂತೆ ಸಂತೆಗೆ ಬರಲಿಲ್ಲ. ಮನೆಯಲ್ಲೇ ಹುಟ್ಟಿ, ಮನೆಯವರ ಮೈಮೇಲೆ ಸವೆದು, ಕೊನೆಗೆ ಒಲೆಯ ಬಳಿಯ ಮಸಿಬಟ್ಟೆಯಾಗಿ ಮುಗಿಯಿತು. ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಮನೆಯಲ್ಲಿ ಇರಲಿಲ್ಲವೆಂದಲ್ಲ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆ ಕೌದಿ ಎಂಬ ಮಾತನ್ನು ಹಿಡಿದಿಲ್ಲ, ಬೊಂತೆಯನ್ನು ಹಿಡಿದಿದೆ. ತೆಲುಗಿನಲ್ಲಿ ಇದೇ ವಸ್ತು ಬೊಂತ. ಕಂತೆಯಂತೂ ಸಂಸ್ಕೃತದ ಕಂಥಾ. ಬಂಗಾಳದ ಹೆಸರಾಂತ ಕಾಂತಾ ಹೊಲಿಗೆಯ ದಾಯಾದಿ. ತೆಲುಗು ಸೀಮೆಗೆ ಅಂಟಿಕೊಂಡ ಈ ಜಿಲ್ಲೆಯಲ್ಲಿ ಕಂಬಳಿ ಹೊಲಕ್ಕೆ ಹೋಗುವ ಗಂಡಸಿನ ಹೆಗಲ ಮೇಲಿತ್ತು, ಮಳೆಗೆ ಕೊಪ್ಪೆಯಾಗುತ್ತಿತ್ತು. ಅದನ್ನು ಕೊಳ್ಳಬೇಕಾಗಿತ್ತು, ಕೂಸಿನ ಮೈಗೆ ಅದು ಚುಚ್ಚುತ್ತಿತ್ತು. ಎರಡೂ ಒಂದೇ ಮನೆಯಲ್ಲಿ, ಬೇರೆ ಬೇರೆ ಕೆಲಸಕ್ಕೆ ಇದ್ದವು.

ಇದಕ್ಕಿಂತ ಭಾರವಾದ ಆಕ್ಷೇಪ ಬಡತನದ್ದು. ಬೇರೆ ಗತಿಯಿಲ್ಲದೆ ಹೊಲಿದದ್ದನ್ನು ಹೊಗಳುವುದು ಸರಿಯೇ? ಬಡತನವನ್ನು ಅಲ್ಲಗಳೆಯುವಂತಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1876–78ರ ಬರದ ಹೊಡೆತದಿಂದ 1881ಕ್ಕೆ 42 ಲಕ್ಷದ ಸುಮಾರಿಗೆ ಇಳಿದಿತ್ತು. ಅಂಥ ವರ್ಷಗಳಲ್ಲಿ ಮೈಮೇಲಿನದನ್ನು ಬಿಟ್ಟರೆ ಮಿಗಿಸಲು ಬಟ್ಟೆಯೇ ಇರುವುದಿಲ್ಲ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೂ ಗುಬ್ಬಿಗೂ ರೈಲು ಬಂತು. ಅದೇ ವರ್ಷ ಬೆಂಗಳೂರಿನಲ್ಲಿ, ಆಮೇಲೆ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿ ಹುಟ್ಟಿತು. ಬೊಂತೆಗಳು ಒಂದಕ್ಕೆ ನಾಲ್ಕಾಗುವುದಕ್ಕೆ ಮನೆಯಲ್ಲಿ ಹಳೆಯದಾಗುವಷ್ಟು ಬಟ್ಟೆ ಇರಬೇಕು. ಗಿರಣಿ ಬಟ್ಟೆ ಅಗ್ಗವಾಗಿ ಊರೂರು ತಲುಪಿದ್ದು ಅದಕ್ಕೆ ಒದಗಿ ಬಂದಿರಬೇಕೆಂದು ನಾನು ತಿಳಿಯುತ್ತೇನೆ. ಆದ್ದರಿಂದ ಬೊಂತೆ ಕಡುಬಡತನದ ಗುರುತು ಮಾತ್ರವಲ್ಲ, ಅಲ್ಪಸ್ವಲ್ಪ ಮಿಗತೆಯ ಗುರುತೂ ಹೌದು. 1943ರಲ್ಲಿ ಯುದ್ಧದ ಕಾರಣಕ್ಕೆ ಬಟ್ಟೆಗೆ ನಿಯಂತ್ರಣ ಬಂದಾಗ ಹಳೆಯ ಪಂಚೆಯೂ ಜೋಪಾನ ಮಾಡುವ ಆಸ್ತಿಯಾಯಿತು. ಇಷ್ಟಿದ್ದೂ, ಯಾರಿಗೆ ಗಟ್ಟಿ ತುಂಡು, ಯಾರಿಗೆ ಮೆತ್ತನೆಯದು, ಯಾವ ಬೊಂತೆ ಈ ವರ್ಷ, ಯಾವುದು ಮುಂದಿನ ವರ್ಷ ಎಂಬುದನ್ನು ಬಡತನ ತೀರ್ಮಾನಿಸಲಿಲ್ಲ, ಹೊಲಿಯುವವಳು ತೀರ್ಮಾನಿಸಿದಳು. ಕಾಗದದ ಮೇಲೆ ಹೆಸರಿಗೆ ಒಂದು ಗುಂಟೆಯೂ ಇಲ್ಲದವಳು ಮನೆಯ ಬಟ್ಟೆಯ ಪಾಲುಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದಳು. ಆ ದುಡಿಮೆಗೆ ಯಾರೂ ಕೂಲಿ ಲೆಕ್ಕ ಹಾಕಲಿಲ್ಲ ಎಂಬುದೂ ಅಷ್ಟೇ ನಿಜ, ಅದನ್ನು ಮರೆಸುವ ಹೊಗಳಿಕೆ ನನಗೆ ಬೇಡ.

ಈ ಏರ್ಪಾಟು ಮುರಿದದ್ದು ಸೂಜಿ ಹಿಡಿಯುವವರು ಸೋಮಾರಿಗಳಾದ್ದರಿಂದಲ್ಲ, ಬಟ್ಟೆ ಬದಲಾದ್ದರಿಂದ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಹಳತಾದಷ್ಟೂ ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಪದರ ಪದರವಾಗಿ ಹಾಸಿದರೆ ಜಾರುತ್ತವೆ. ಬೀದಿಗೆ ಸ್ಟೀಲ್ ಪಾತ್ರೆಯವರು ಬಂದರು. ಹಳೆ ಸೀರೆಗಳ ಗಂಟು ಕೊಟ್ಟರೆ ಡಬ್ಬಿಯೋ ಬೇಸಿನ್ನೋ ಸಿಗುತ್ತದೆ ಎಂದಾದಾಗ ಅಟ್ಟ ಖಾಲಿಯಾಯಿತು. ಸೋಲಾಪುರದ ಚಾದರ, ಗಿರಣಿಯ ರಗ್ಗು ಅಂಗಡಿಯಲ್ಲಿ ಕೈಗೆಟಕುವ ಬೆಲೆಗೆ ಸಿಕ್ಕವು. ಹೊಲ ಹೋದ ಕಡೆ ಬೇಸಿಗೆಯ ಬಿಡುವೂ ಹೋಯಿತು. ಕಾರ್ಖಾನೆಯ ಪಾಳಿಗೆ ಶಿವರಾತ್ರಿ, ಯುಗಾದಿ ಎಂಬ ವ್ಯತ್ಯಾಸ ಒಂದೊಂದು ರಜೆಯಷ್ಟೇ. ಆದರೂ ಒಂದು ಕಡೆ ಹಳೆಯ ಬೇಡಿಕೆ ಉಳಿದಿದೆ. ಹೆರಿಗೆಗೆ ಹೊರಡುವ ಮುನ್ನ ಹಳೆಯ ಹತ್ತಿ ಬಟ್ಟೆ ಹುಡುಕುವುದು ಇನ್ನೂ ನಿಂತಿಲ್ಲ. ಅಜ್ಜಿಯ ಒಂದು ವಾಯಿಲ್ ಸೀರೆಯೋ ತಾತನ ಪಂಚೆಯೋ ಸಿಕ್ಕರೆ ಕೂಸಿಗೊಂದು ಪುಟ್ಟ ಬೊಂತೆಯಾಗುತ್ತದೆ. ಎರಡನೆಯದಕ್ಕೆ ಬಟ್ಟೆ ಉಳಿದಿರುವುದಿಲ್ಲ.