ಮಾಲಿ: ಉಪ್ಪು ಹೊನ್ನುಗಳ ರಾಜ್ಯ

ಉಪ್ಪಿಗಿಂತ ರುಚಿಯಿಲ್ಲವೆಂದು ಗಾದೆಯೇನೋ ಹೇಳುತ್ತದೆ. ಆದರೆ ಸಂತೆಯಿಂದ ಬಂದು ಖರ್ಚು ಬರೆಯುವಾಗ ಉಪ್ಪಿಗೆ ತೆತ್ತ ಕಾಸನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಹೇರು ಉಪ್ಪಿಗೆ ಇಪ್ಪತ್ತು, ಮೂವತ್ತು ಹೊನ್ನನ್ನು ತೂಗಿ ಕೊಡುತ್ತಿದ್ದ ನಾಡೊಂದಿತ್ತು ಎಂದರೆ ನೀವು ನಂಬುವಿರಾ? ಪಶ್ಚಿಮ ಆಫ್ರಿಕದ ಮಾಲಿ ಸಾಮ್ರಾಜ್ಯದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ನಡೆಯುತ್ತಿದ್ದ ವ್ಯಾಪಾರ ಅದು.

ಕನ್ನಡ ಪಾಠ ಹೇಳುವ ಪಂಡಿತನಿಗೆ ಆಫ್ರಿಕದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಮೊರಾಕೊ ದೇಶದ ಇಬ್ನ್ ಬತೂತನೆಂಬ ಯಾತ್ರಿಕ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಮಂಗಳೂರಿಗೂ ಬಂದಿದ್ದ. ಹೊನ್ನಾವರದಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಅವನು ಹೇಳಿದ್ದಾನೆ. ಹತ್ತು ವರ್ಷಗಳು ಕಳೆಯುವುದರೊಳಗಾಗಿ, 1352ರಲ್ಲಿ, ಅದೇ ಯಾತ್ರಿಕ ಒಂಟೆಯೇರಿ ಸಹರಾ ಮರುಭೂಮಿಯನ್ನು ದಾಟಿ ಮಾಲಿಯನ್ನು ಕಂಡ. ನಮ್ಮ ಕರಾವಳಿಯನ್ನು ನೋಡಿದ ಕಣ್ಣು ಆ ರಾಜ್ಯವನ್ನೂ ನೋಡಿತಲ್ಲ ಎಂಬ ಕುತೂಹಲವೇ ನನ್ನನ್ನು ಈ ವಿಷಯಕ್ಕೆ ಎಳೆಯಿತು.

ಮೊದಲು ಆ ನಾಡಿನ ನಿಲುವನ್ನು ಮನಸ್ಸಿಗೆ ತಂದುಕೊಳ್ಳಿ. ಉತ್ತರಕ್ಕೆ ಸಹರಾ, ದಕ್ಷಿಣಕ್ಕೆ ದಟ್ಟ ಕಾಡು, ನಡುವೆ ಹುಲ್ಲುಗಾವಲು, ಅದರೊಳಗೆ ಬಿಲ್ಲಿನಂತೆ ಬಾಗಿ ಹರಿಯುವ ನೈಜರ್ ನದಿ. ನೈಜರ್ ಮತ್ತು ಸೆನೆಗಾಲ್ ನದಿಗಳ ಮೇಲ್ಭಾಗದ ಬಂಬುಕ್, ಬುರೆ ಎಂಬ ಸೀಮೆಗಳಲ್ಲಿ ಚಿನ್ನ ದೊರೆಯುತ್ತಿತ್ತು. ಆದರೆ ಬೆವರು ಸುರಿಸಿ ದುಡಿಯುವ ಆ ಜನಕ್ಕೆ ಉಪ್ಪಿಗೆ ಬರ. ಉಪ್ಪಿದ್ದದ್ದು ಮರುಭೂಮಿಯ ನಡುವಣ ತಘಾಜದಲ್ಲಿ. ಅಲ್ಲಿ ಮನೆಗಳನ್ನೂ ಮಸೀದಿಯನ್ನೂ ಉಪ್ಪಿನ ಬಂಡೆಗಳಿಂದಲೇ ಕಟ್ಟಿ, ಒಂಟೆಯ ಚರ್ಮವನ್ನು ಹೊದಿಸಿದ್ದರೆಂದೂ, ಒಂದು ಮರವೂ ಇರಲಿಲ್ಲವೆಂದೂ, ಉಪ್ಪನ್ನು ಅಗೆಯುವವರು ಗುಲಾಮರೆಂದೂ ಇಬ್ನ್ ಬತೂತ ತಿಳಿಸುತ್ತಾನೆ. ಮರುಭೂಮಿಯ ಅಂಚಿನ ವಲಾತದಲ್ಲಿ ಒಂದು ಹೇರು ಉಪ್ಪಿಗೆ 8ರಿಂದ 10 ಮಿಸ್ಕಾಲ್ ಚಿನ್ನ. ಮಾಲಿಯ ರಾಜಧಾನಿಯಲ್ಲಿ 20ರಿಂದ 30, ಕೆಲವೊಮ್ಮೆ 40. ಮಿಸ್ಕಾಲ್ ಎಂಬುದು ನಾಲ್ಕು ಗ್ರಾಮಿಗೆ ತುಸು ಮಿಕ್ಕ ತೂಕ. ಉಪ್ಪಿಗೂ ಚಿನ್ನಕ್ಕೂ ನಡುವಣ ದಾರಿ ಯಾರ ಕೈಯಲ್ಲಿತ್ತೋ ಅವರೇ ಅಲ್ಲಿ ಅರಸರು.

ಆ ದಾರಿ ಮೊದಲು ಘಾನಾ ಎಂಬ ಪ್ರಾಚೀನ ರಾಜ್ಯದ ಕೈಯಲ್ಲಿತ್ತು. ಅದು ಕುಗ್ಗಿದ ಮೇಲೆ ಸೊಸ್ಸೊ ದೊರೆ ಸುಮಂಗುರು ಬಲಿತು ಸುತ್ತಣವರನ್ನು ಪೀಡಿಸಿದ. ಅವನನ್ನು ಸುಮಾರು 1235ರಲ್ಲಿ ಕಿರಿನ ಎಂಬಲ್ಲಿ ಸೋಲಿಸಿದವನು ಮಾಂಡೆ ಕುಲದ ಸುಂದಿಯಾತ. ಬಾಲ್ಯದಲ್ಲಿ ಅವನಿಗೆ ನಡೆಯಲು ಬರುತ್ತಿರಲಿಲ್ಲವಂತೆ. ಒಂದು ದಿನ ಕಬ್ಬಿಣದ ದಂಡವನ್ನು ಊರಿ ಎದ್ದು ನಿಂತನಂತೆ. ಇದನ್ನು ಹೇಳುವವರು 'ಜೆಲಿ' ಎಂಬ ವಂಶಪಾರಂಪರ್ಯ ಗಾಯಕರು. ಅರಸರ ವಂಶಾವಳಿಯನ್ನೂ ಯುದ್ಧಗಳನ್ನೂ ಬಾಯಲ್ಲಿಯೇ ಉಳಿಸಿಕೊಂಡು ಬಂದ ಜನ ಅವರು. ಅವರ ಕಥೆಯಲ್ಲಿ ಅದ್ಭುತ ಬೆರೆತಿದೆ, ನಿಜ. ಆದರೂ ಸುಂದಿಯಾತನ ವಿಜಯವನ್ನು ಅರಬ್ಬೀ ಚರಿತ್ರಕಾರ ಇಬ್ನ್ ಖಲ್ದೂನನೂ ದಾಖಲಿಸಿದ್ದಾನೆ.

ಸುಂದಿಯಾತನ ವಂಶದವರಿಗೆ 'ಮನ್ಸಾ' ಎಂದು ಬಿರುದು, ಅರಸ ಎಂದರ್ಥ. ಅವರಲ್ಲಿ ಲೋಕಪ್ರಸಿದ್ಧನಾದವನು 1312ರ ಸುಮಾರಿಗೆ ಪಟ್ಟಕ್ಕೆ ಬಂದ ಮನ್ಸಾ ಮೂಸಾ. 1324ರಲ್ಲಿ ಅವನು ದೊಡ್ಡ ಪರಿವಾರದೊಡನೆ ಮೆಕ್ಕಾ ಯಾತ್ರೆಗೆ ಹೊರಟು ಕೈರೋ ನಗರದಲ್ಲಿ ತಂಗಿದ. ಅಲ್ಲಿ ದಾನಕ್ಕೂ ಖರೀದಿಗೂ ಸುರಿದ ಚಿನ್ನಕ್ಕೆ ಎಣೆಯಿರಲಿಲ್ಲ. ಪರಿಣಾಮವೇನಾಯಿತು? 25 ದಿರ್ಹಮಿಗೆ ಇಳಿಯದಿದ್ದ ಒಂದು ಮಿಸ್ಕಾಲ್ ಚಿನ್ನದ ಬೆಲೆ 22ಕ್ಕೂ ಕೆಳಗಿಳಿದು, ಹನ್ನೆರಡು ವರ್ಷ ಹಾಗೆಯೇ ನಿಂತಿತೆಂದು ಅಲ್ ಉಮರಿ ಎಂಬ ವಿದ್ವಾಂಸ ಬರೆದಿದ್ದಾನೆ. ದಾನಿಯ ಚೀಲ ಬರಿದಾಗಿ, ಹಿಂದಿರುಗುವಾಗ ಆ ಕೈರೋ ವರ್ತಕರಲ್ಲಿಯೇ ಅವನು ಸಾಲ ಮಾಡಬೇಕಾಯಿತು! ಆದರೂ ಅವನ ಕೀರ್ತಿ ಯೂರೋಪನ್ನು ಮುಟ್ಟಿತು. 1375ರ ಕತಲಾನ್ ಭೂಪಟದಲ್ಲಿ ಕಿರೀಟ ಧರಿಸಿ ಕೈಯಲ್ಲಿ ಚಿನ್ನದ ಉಂಡೆ ಹಿಡಿದು ಕುಳಿತ ಮೂಸಾನ ಚಿತ್ರವನ್ನು ಇಂದಿಗೂ ನೋಡಬಹುದು. ಯಾತ್ರೆಯಿಂದ ಮರಳುವಾಗ ಅವನು ಅಲ್ ಸಾಹಿಲಿ ಎಂಬ ಆಂದಲೂಸಿಯದ ಕವಿಯನ್ನು ಜೊತೆಗೆ ಕರೆತಂದ. ತಿಂಬಕ್ತು ಪಟ್ಟಣದ ಮಣ್ಣಿನ ಮಹಾಮಸೀದಿಗೆ ಅವನ ಹೆಸರು ಅಂಟಿಕೊಂಡಿದೆ.

ಇನ್ನು ಮತದ ವಿಚಾರ. ಈ ಅರಸರು ಮುಸಲ್ಮಾನರು. ಸಹರಾದ ಆಚೆಯ ವರ್ತಕರೊಡನೆ ಬಂದ ಇಸ್ಲಾಮು ಅವರಿಗೆ ನಂಬಿಕೆಯೊಂದಿಗೆ ಲಿಪಿಯನ್ನೂ, ಲೆಕ್ಕಪತ್ರವನ್ನೂ, ದೂರದೇಶದವರೂ ಒಪ್ಪುವ ನ್ಯಾಯಶಾಸ್ತ್ರವನ್ನೂ ತಂದಿತು. ಆದರೆ ಹಳ್ಳಿಗಾಡಿನ ಜನರಲ್ಲಿ ಬಹುಮಂದಿ ತಮ್ಮ ಹಿರಿಯರ ಆರಾಧನೆಯಲ್ಲಿಯೇ ಇದ್ದರು. ಚಿನ್ನ ತೆಗೆಯುವವರೂ ಹಾಗೆಯೇ. ಅಲ್ ಉಮರಿ ಕೈರೋದಲ್ಲಿ ಕೇಳಿ ಬರೆದ ಸಂಗತಿಯೊಂದು ಇಲ್ಲಿ ಮುಖ್ಯ. ಚಿನ್ನದ ಊರೊಂದನ್ನು ಗೆದ್ದು ಅಲ್ಲಿ ತಮ್ಮ ಮತವನ್ನು ನೆಲೆಗೊಳಿಸಿದಾಗಲೆಲ್ಲ ಆ ಊರಿನ ಚಿನ್ನ ಕಡಿಮೆಯಾಗುತ್ತ ಬತ್ತಿಹೋಗುತ್ತಿತ್ತಂತೆ. ಈ ಅನುಭವದಿಂದ ಅರಸರು ಗಣಿಯವರನ್ನು ಅವರ ಮತಕ್ಕೇ ಬಿಟ್ಟು, ಕಪ್ಪಕಾಣಿಕೆಯಷ್ಟರಿಂದ ತೃಪ್ತರಾದರು. ಇದನ್ನು ಔದಾರ್ಯವೆಂದು ಹೊಗಳಿಬಿಡುವುದು ಸುಲಭ. ಇದರಲ್ಲಿ ಲೆಕ್ಕಾಚಾರವೂ ಉಂಟು. ಆದರೆ ತನ್ನ ಬಲಕ್ಕೆ ಎಲ್ಲಿ ಎಲ್ಲೆಯೆಂಬುದನ್ನು ಅರಿತ ಲೆಕ್ಕಾಚಾರ ಅದು. ಆ ಸಾಮ್ರಾಜ್ಯವನ್ನು ತಲೆಮಾರುಗಳ ಕಾಲ ನಿಲ್ಲಿಸಿದ್ದು ಮೂಸಾನ ವೈಭವಕ್ಕಿಂತ ಹೆಚ್ಚಾಗಿ ಈ ಅರಿವೇ ಎಂದು ನನಗೆ ತೋರುತ್ತದೆ.

ಇಬ್ನ್ ಬತೂತ ಬಂದಾಗ ಪಟ್ಟದಲ್ಲಿದ್ದವನು ಮೂಸಾನ ತಮ್ಮ ಸುಲೇಮಾನ್. ಅರಸನಿಂದ ಉಡುಗೊರೆ ಬಂತೆಂದು ಕೇಳಿ, ಉಡುಪೋ ಹಣವೋ ಇರಬೇಕೆಂದು ಯಾತ್ರಿಕ ಎದ್ದು ನೋಡಿದರೆ, ಮೂರು ರೊಟ್ಟಿ, ಹುರಿದ ಮಾಂಸದ ತುಂಡು, ಒಂದು ಬುರುಡೆ ಮೊಸರು! ಅವನು ನಕ್ಕುಬಿಟ್ಟ. ಅರಸನ ಮುಂದೆ ಪ್ರಜೆಗಳು ತಲೆಯ ಮೇಲೆ ಮಣ್ಣೆರಚಿಕೊಳ್ಳುವುದೂ, ಗಾಯಕರು ಹಕ್ಕಿಯ ವೇಷ ತೊಟ್ಟು ಹಾಡುವುದೂ ಅವನಿಗೆ ಹಿಡಿಸಲಿಲ್ಲ. ಹೀಗೆ ಹಿಡಿಸದುದನ್ನೆಲ್ಲ ಹೇಳಿದವನೇ ಅಲ್ಲಿಯ ನ್ಯಾಯವನ್ನು ಬಾಯ್ತುಂಬ ಹೊಗಳಿದ್ದಾನೆ. ದಾರಿಯಲ್ಲಿ ಕಳ್ಳರ ಭಯವಿಲ್ಲ. ಪರದೇಶಿಯೊಬ್ಬ ಸತ್ತರೆ ಅವನ ಸೊತ್ತನ್ನು ಮುಟ್ಟದೆ, ಹಕ್ಕುದಾರ ಬರುವವರೆಗೆ ನಂಬಿಕಸ್ಥನ ಬಳಿ ಇಡುತ್ತಿದ್ದರು. ನಮ್ಮ ಮಕ್ಕಳು ಚೌಕಾಬಾರಕ್ಕೆ ಬಳಸುವ ಕವಡೆಯೂ ಅಲ್ಲಿ ನಾಣ್ಯವಾಗಿತ್ತು. ಒಂದು ಚಿನ್ನದ ದೀನಾರಕ್ಕೆ 1,150 ಕವಡೆ. ಅಂಥ ಕವಡೆ ದೊರೆಯುವುದು ನಮ್ಮ ಪಶ್ಚಿಮ ಸಮುದ್ರದ ಮಾಲ್ದೀವದಲ್ಲಿ.

ಆದರೆ ಅಭಿಮಾನದಿಂದ ಕಣ್ಣು ಮುಚ್ಚಿಕೊಳ್ಳುವುದು ಚರಿತ್ರೆಯಲ್ಲ. ಅದೇ ಯಾತ್ರಿಕ ಮರಳಿ ಹೊರಟ ಸಾರ್ಥದಲ್ಲಿ 600 ಮಂದಿ ದಾಸಿಯರನ್ನು ಮಾರಾಟಕ್ಕೆ ಒಯ್ಯುತ್ತಿದ್ದರು. ಪರದೇಶಿಯ ಸೊತ್ತನ್ನು ಕಾಯುತ್ತಿದ್ದ ಆ ದಾರಿ ಈ ಹೆಣ್ಣುಮಕ್ಕಳನ್ನು ಕಾಯಲಿಲ್ಲ.

ಸುಲೇಮಾನನ ಬಳಿಕ ದಾಯಾದಿ ಕಲಹಗಳು ಹೆಚ್ಚಿದವು. ದುಂದುಗಾರ ಅರಸನೊಬ್ಬ ವಂಶದ ನಿಧಿಯಾಗಿದ್ದ ಭಾರಿ ಚಿನ್ನದ ಗಟ್ಟಿಯನ್ನೇ ಅಗ್ಗಕ್ಕೆ ಮಾರಿಕೊಂಡನೆಂದು ಇಬ್ನ್ ಖಲ್ದೂನ್ ಹೇಳುತ್ತಾನೆ. 1433ರ ಸುಮಾರಿಗೆ ತಿಂಬಕ್ತು ತುವಾರೆಗರ ಕೈಸೇರಿತು. 1468ರಲ್ಲಿ ಅದನ್ನು ಸೊಂಘೈ ದೊರೆ ಸುನ್ನಿ ಅಲಿ ಗೆದ್ದುಕೊಂಡ. ಅಷ್ಟರಲ್ಲಿ ಪೋರ್ಚುಗೀಸರ ಹಡಗುಗಳು ಪಶ್ಚಿಮ ತೀರಕ್ಕೆ ಬಂದು ಚಿನ್ನವನ್ನು ಕಡಲಿನತ್ತ ಸೆಳೆಯತೊಡಗಿದ್ದವು.

ರಾಜ್ಯ ಅಳಿಯಿತು, ಓದು ಅಳಿಯಲಿಲ್ಲ. ತಿಂಬಕ್ತುವಿನ ಮನೆಮನೆಗಳಲ್ಲಿ ಶಾಸ್ತ್ರ, ವೈದ್ಯ, ಜ್ಯೋತಿಷಗಳ ಹಸ್ತಪ್ರತಿಗಳು ಪೆಟ್ಟಿಗೆಗಳಲ್ಲಿ ಉಳಿದುಬಂದವು. ಅವುಗಳಲ್ಲಿ ಬಹುಪಾಲು ಮಾಲಿಯ ಅನಂತರದ ಕಾಲದವು. ಆದರೆ ಆ ವಿದ್ಯೆಗೆ ಅರಸರ ಆಶ್ರಯ ದೊರೆತದ್ದು ಮೂಸಾನ ಕಾಲದಲ್ಲಿ. 2012ರಲ್ಲಿ ಶಸ್ತ್ರಧಾರಿಗಳು ಆ ಪಟ್ಟಣವನ್ನು ಹಿಡಿದು, ತಮಗೆ ಒಪ್ಪದ ಆಚರಣೆಯೆಂದು ಅಲ್ಲಿಯ ಸಂತರ ಸಮಾಧಿಗಳನ್ನು ಒಡೆದರು. ಮರುವರ್ಷ ಓಡಿಹೋಗುವಾಗ ಸಾವಿರಾರು ಹಸ್ತಪ್ರತಿಗಳಿಗೆ ಬೆಂಕಿಯಿಟ್ಟರು. ಆ ವೇಳೆಗಾಗಲೇ ಊರಿನವರು ಹೆಚ್ಚಿನವನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ, ಗಾಡಿಗಳಲ್ಲಿಯೂ ದೋಣಿಗಳಲ್ಲಿಯೂ ಗುಟ್ಟಾಗಿ ಬಮಾಕೋ ನಗರಕ್ಕೆ ಸಾಗಿಸಿದ್ದರು. ಒಡೆದವರೂ ಉಳಿಸಿದವರೂ ಒಂದೇ ಮತದವರು. ಗಣಿಯವರ ಆರಾಧನೆಯಲ್ಲಿ ಕೈಹಾಕದಿದ್ದ ಮನ್ಸಾಗಳ ಅರಿವು ಇವರಲ್ಲಿ ಯಾರಿಗೆ ಬಂದಿತ್ತೆಂಬುದನ್ನು ಹೇಳಬೇಕಾಗಿಲ್ಲ.

ಅಟ್ಟದಿಂದ ಓಲೆಗರಿಯ ಕಟ್ಟುಗಳನ್ನು ಇಳಿಸಿ, ಹುಳು ತಿಂದ ಅಂಚನ್ನು ಸವರಿ ಓದಲು ಕುಳಿತಿರುವ ನಮ್ಮಂಥವರಿಗೆ ಆ ತಗಡಿನ ಪೆಟ್ಟಿಗೆಗಳ ಬೆಲೆ ತಿಳಿಯದೆ ಇರುತ್ತದೆಯೆ? ಮುಂದೆ ನಿಮ್ಮ ಮಕ್ಕಳು ಆಫ್ರಿಕದ ಭೂಪಟವನ್ನು ಬಿಡಿಸಿದಾಗ, ನೈಲ್ ನದಿಯನ್ನು ತೋರಿಸಿದ ಬೆರಳನ್ನು ಒಮ್ಮೆ ಪಶ್ಚಿಮಕ್ಕೂ ಸರಿಸಿ, ನೈಜರ್ ನದಿ ಬಿಲ್ಲಿನಂತೆ ಬಾಗುವ ಕಡೆ ನಿಲ್ಲಿಸಿ. ಹೇಳಲು ಕಥೆಯಿದೆ.