ನಿಯಮ ಗೊತ್ತಿದ್ದರೂ ವೈದ್ಯರು ಸುರಕ್ಷತಾ ಕ್ರಮಗಳನ್ನು ಬಿಡುವುದೇಕೆ?

ಆಸ್ಪತ್ರೆಯಲ್ಲಿ ಸೋಂಕು ತಗುಲಿದರೆ ಅದಕ್ಕೆ ಡಾಕ್ಟರ ಬೇಜವಾಬ್ದಾರಿಯೇ ಕಾರಣ ಎನ್ನುವ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತವೆ. ನಿರ್ಲಕ್ಷ್ಯ ಇರುವುದೇ ಇಲ್ಲ ಎಂದಲ್ಲ. ಆದರೆ ನುರಿತ, ಕಾಳಜಿಯುಳ್ಳ ವೈದ್ಯರೂ ಕೆಲವೊಮ್ಮೆ ಸುರಕ್ಷತಾ ಕ್ರಮಗಳನ್ನು ಬಿಡುತ್ತಾರೆ. ಯಾಕೆ?

ಒಂದು ನಿಜ ಉದಾಹರಣೆ

ಐಸಿಯುನಲ್ಲಿರುವ ರೋಗಿಯ ದೊಡ್ಡ ರಕ್ತನಾಳಕ್ಕೆ ಹಾಕುವ ತೆಳು ಕೊಳವೆಗೆ ‘ಸೆಂಟ್ರಲ್ ಲೈನ್’ ಎನ್ನುತ್ತಾರೆ. ಇದರ ಮೂಲಕ ರೋಗಾಣು ನೇರವಾಗಿ ರಕ್ತ ಸೇರಿದರೆ ಜೀವಕ್ಕೇ ಅಪಾಯ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾ. ಪೀಟರ್ ಪ್ರೊನೊವೊಸ್ಟ್ ಐದು ಅಂಶಗಳ ಪಟ್ಟಿ ಮಾಡಿದರು: ಕೈ ತೊಳೆಯುವುದು, ಚರ್ಮ ಶುಚಿ ಮಾಡುವುದು ಇತ್ಯಾದಿ. ಎಲ್ಲವೂ ವೈದ್ಯರಿಗೆ ಮೊದಲೇ ಗೊತ್ತಿದ್ದವು. ಆದರೂ ನರ್ಸ್‌ಗಳು ಒಂದು ತಿಂಗಳು ಗಮನಿಸಿದಾಗ, ಮೂರನೇ ಒಂದಕ್ಕೂ ಹೆಚ್ಚು ರೋಗಿಗಳ ವಿಷಯದಲ್ಲಿ ಕನಿಷ್ಠ ಒಂದು ಹಂತ ತಪ್ಪಿಹೋಗಿತ್ತು.

ಕಾರಣಗಳೇನು?

1. ಬಿಟ್ಟ ತಕ್ಷಣ ಏನೂ ಆಗುವುದಿಲ್ಲ. ಹೆಲ್ಮೆಟ್ ಇಲ್ಲದೆ ಹತ್ತು ಸಲ ಹೋಗಿ ಬಂದವರಿಗೆ ಹನ್ನೊಂದನೇ ಸಲ ಭಯ ಇರುವುದಿಲ್ಲ. ಸೋಂಕು ಕೂಡ ಹಾಗೆಯೇ: ಪ್ರತಿ ಸಲ ಬರುವುದಿಲ್ಲ, ಬಂದರೂ ಕಾಣಿಸುವುದು ತಡವಾಗಿ. ನಿಧಾನವಾಗಿ ತಪ್ಪೇ ರೂಢಿಯಾಗುತ್ತದೆ. 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ ಗುರುತಿಸಿದ್ದೂ ಇದನ್ನೇ.

2. ಸರಿಯಾದ ದಾರಿಯೇ ಕಷ್ಟದ ದಾರಿಯಾಗಿರುತ್ತದೆ. ರೋಗಿಗಳು ಹೆಚ್ಚು, ಸಿಬ್ಬಂದಿ ಕಡಿಮೆ. ಗ್ಲೌಸ್ ಒಂದು ಕಡೆ, ಔಷಧ ಇನ್ನೊಂದು ಕಡೆ. ಆತುರದಲ್ಲಿ ಮೊದಲು ಬಿಟ್ಟುಹೋಗುವುದು ಸಣ್ಣದೆಂದು ತೋರುವ ಹಂತ.

3. ದೊಡ್ಡ ಡಾಕ್ಟರಿಗೆ ಹೇಳುವವರು ಯಾರು? ತಪ್ಪು ಕಂಡರೂ ಕಿರಿಯ ವೈದ್ಯರು, ನರ್ಸ್‌ಗಳು ಸುಮ್ಮನಿರುತ್ತಾರೆ.

ಪರಿಹಾರ ಇದೆಯೇ?

ಇದೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬೇಕಾದ ಸಾಮಗ್ರಿಯನ್ನೆಲ್ಲ ಒಂದೇ ಗಾಡಿಯಲ್ಲಿ ಇಟ್ಟರು. ಹಂತ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟರು. ಸೋಂಕು ಬಹುತೇಕ ನಿಂತಿತು. ಮುಂದೆ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇಂಥದೇ ಕ್ರಮ ಜಾರಿಗೆ ಬಂದಾಗಲೂ ಸೋಂಕು ಭಾರಿ ಪ್ರಮಾಣದಲ್ಲಿ ಇಳಿಯಿತು.

ಹಾಗಂತ ಪಟ್ಟಿಯೊಂದೇ ಸಾಲದು. ಕೆನಡಾದ ಒಂಟಾರಿಯೊದಲ್ಲಿ ಶಸ್ತ್ರಚಿಕಿತ್ಸೆಗೆ ಚೆಕ್‌ಲಿಸ್ಟ್ ಕಡ್ಡಾಯ ಮಾಡಿದ ಮೇಲೂ ಸಾವಿನ ಪ್ರಮಾಣ ಗಮನಾರ್ಹವಾಗಿ ಇಳಿಯಲಿಲ್ಲ ಎಂದು 101 ಆಸ್ಪತ್ರೆಗಳ ಅಧ್ಯಯನವೊಂದು 2014ರಲ್ಲಿ ತೋರಿಸಿತು.

ನೀವೇನು ಮಾಡಬಹುದು?

“ಡಾಕ್ಟ್ರೇ, ಕೈ ತೊಳ್ಕೊಂಡ್ರಾ?” ಎಂದು ವಿನಯದಿಂದ ಕೇಳಿ. ಸೆಂಟ್ರಲ್ ಲೈನ್ ಇದ್ದರೆ “ಇದು ಇನ್ನೂ ಬೇಕಾ?” ಎಂದು ದಿನವೂ ವಿಚಾರಿಸಿ, ಅನಗತ್ಯವಾಗಿ ಉಳಿದಷ್ಟೂ ಸೋಂಕಿನ ಅಪಾಯ ಹೆಚ್ಚು. ರೋಗಿಯನ್ನು ನೋಡಲು ಹೋಗುವ ನೀವೂ ಕೈ ಶುಚಿ ಮಾಡಿಕೊಳ್ಳಿ.

ನೆನಪಿಡಿ: ಒಬ್ಬ ಡಾಕ್ಟರನ್ನು ಬೈದರೆ ಅವರೊಬ್ಬರು ಎಚ್ಚರವಾಗಬಹುದು. ತಪ್ಪನ್ನು ಯಾರು ಬೇಕಾದರೂ ಹೇಳಬಹುದಾದ ಆಸ್ಪತ್ರೆಯಲ್ಲಿ ಎಲ್ಲ ರೋಗಿಗಳಿಗೂ ರಕ್ಷಣೆ ಹೆಚ್ಚು.